ವೆಬ್‌ಸೈಟಿನಲ್ಲಿ ‘ವಾರ್ನಿಂಗ್’ ಕಂಡರೆ ಹ್ಯಾಕ್ ಆಗಿದೆ ಎಂದರ್ಥವೇ?

ಪುಟ ತೆರೆದಾಗ ‘ವಾರ್ನಿಂಗ್’ ಎಂದು ಶುರುವಾಗಿ ಫೈಲಿನ ಹೆಸರು, ಸಾಲಿನ ಸಂಖ್ಯೆ ಕಾಣಿಸಿದರೆ ಸಾಕು, ‘ಸೈಟ್ ಹ್ಯಾಕ್ ಆಗಿದೆ’ ಎಂಬ ಒಕ್ಕಣೆಯೊಂದಿಗೆ ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಓಡಾಡತೊಡಗುತ್ತದೆ. ಸಾಮಾನ್ಯವಾಗಿ ಅದು ಪಿಎಚ್‌ಪಿ ಎಂಬ ಭಾಷೆ ತನ್ನ ಪ್ರೋಗ್ರಾಮರ್‌ಗೆ ಹೇಳುತ್ತಿರುವ ದೂರು, ಅಷ್ಟೇ.

ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಈ ಭಾಷೆ ಮೊದಲೆಲ್ಲ ವಿಪರೀತ ಉದಾರಿ. ಎಷ್ಟೋ ತಪ್ಪುಗಳಿಗೆ ಸಣ್ಣದೊಂದು ನೋಟೀಸ್ ಕೊಟ್ಟು ಕೆಲಸ ಮುಂದುವರಿಸುತ್ತಿತ್ತು. ಸೊನ್ನೆಯೂ ‘ಎಬಿಸಿ’ ಎಂಬ ಅಕ್ಷರಗಳೂ ಸಮವೇ ಎಂದು ಕೇಳಿದರೆ ‘ಹೌದು’ ಎನ್ನುತ್ತಿತ್ತು! ಅಕ್ಷರಗಳನ್ನು ಮೊದಲು ಸಂಖ್ಯೆಯಾಗಿಸಲು ಹೋಗಿ ಸೊನ್ನೆ ಮಾಡಿಕೊಳ್ಳುತ್ತಿದ್ದುದೇ ಕಾರಣ. ಗುಟ್ಟಿನ ಸಂಕೇತ ಪರೀಕ್ಷಿಸುವ ಕಡೆ ಇಂಥ ಹೋಲಿಕೆ ನುಸುಳಿದರೆ ಏನಾದೀತು, ನೀವೇ ಊಹಿಸಿ. 2020ರ ಪಿಎಚ್‌ಪಿ 8 ಇದನ್ನು ಸರಿಪಡಿಸಿತು. ಅದಕ್ಕೂ ಮೊದಲು, 2015ರ ಪಿಎಚ್‌ಪಿ 7ರಲ್ಲಿ, ಕೆಲಸವನ್ನೇ ನಿಲ್ಲಿಸಿಬಿಡುತ್ತಿದ್ದ ಹಲವು ದೋಷಗಳನ್ನು ಪ್ರೋಗ್ರಾಮಿನೊಳಗೇ ಹಿಡಿದು ನಿಭಾಯಿಸಲು ದಾರಿಯಾಗಿತ್ತು.

ಹಾಗೆಂದು ಪರದೆ ಮೇಲಿನ ವಾರ್ನಿಂಗ್ ನಿರುಪದ್ರವಿಯಲ್ಲ. ಫೈಲು ಇರುವ ಜಾಗ ಬಯಲಾದರೆ ದಾಳಿಕೋರರಿಗೆ ಸುಳಿವು ಸಿಕ್ಕಂತೆ. ‘ಡಿಸ್‌ಪ್ಲೇ ಎರರ್ಸ್’ ಸೆಟ್ಟಿಂಗ್ ಆಫ್ ಮಾಡಿ, ದೋಷಗಳನ್ನು ಲಾಗ್ ಫೈಲಿಗೆ ಬರೆಸುವುದು ಒಂದೆರಡು ಸಾಲಿನ ಕೆಲಸ. ಅದನ್ನೂ ಮಾಡದಿರುವುದು ಸೋಮಾರಿತನ ಎಂದೇ ನಾವು ಹೇಳುತ್ತೇವೆ.

ನಿಜವಾದ ಕಳ್ಳರು ಇಷ್ಟು ಸದ್ದು ಮಾಡುವುದು ಅಪರೂಪ. 2021ರ ಮಾರ್ಚ್‌ನಲ್ಲಿ ಪಿಎಚ್‌ಪಿಯ ಮೂಲ ಕೋಡಿಗೇ ಯಾರೋ ಲೆರ್ಡಾರ್ಫ್ ಹೆಸರಿನಲ್ಲಿ ಹಿಂಬಾಗಿಲೊಂದನ್ನು ಸೇರಿಸಿದ್ದರು. ಕೊಟ್ಟ ವಿವರಣೆ: ಅಕ್ಷರದೋಷ ತಿದ್ದುಪಡಿ! ಬಿಡುಗಡೆಗೆ ಮೊದಲೇ ಅದು ಸಿಕ್ಕಿಬಿತ್ತು.

ಹಣ ಕಟ್ಟುವಾಗ ಇಂಥ ಸಾಲುಗಳು ಕಂಡರೆ ಮತ್ತೆ ಬಟನ್ ಒತ್ತಬೇಡಿ. ಖಾತೆಯಿಂದ ಹಣ ಹೋಗಿದೆಯೇ ಎಂದು ಮೊದಲು ನೋಡಿಕೊಳ್ಳಿ.