ಎರೆಭೂಮಿ, ನೀರು ಮತ್ತು ಶಾಲೆಯ ಸೂರು: ದಾವಣಗೆರೆ ಸೀಮೆಯಲ್ಲಿ ಬಿಡಿಭಾಗಗಳ ಕಾಂಕ್ರೀಟ್ ನಿರ್ಮಾಣ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಶಾಲೆಗಳು ಕಾರ್ಖಾನೆಯಲ್ಲಿ ತಯಾರಾದ ಭಾಗಗಳಿಂದ ಎದ್ದವು. ಅದೇ ದಶಕಗಳಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರಿನ ಹಳ್ಳಿಗಳ ಶಾಲೆಗಳಿಗೆ ಕಲ್ಲು-ಮಣ್ಣಿನ ಗೋಡೆ, ಮರದ ಜಂತೆ, ಮಂಗಳೂರು ಹೆಂಚುಗಳೇ ಗತಿಯಾಗಿದ್ದವು. ಹೊಸ ತಂತ್ರದ ಅರಿವು ಇಲ್ಲದ್ದರಿಂದ ಹೀಗಾಯಿತೆನ್ನುವ ವಿವರಣೆ ಸಾಲದು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ ಕೊಠಡಿಗಳ ಅಗತ್ಯ ಬೆಳೆಯಿತು, ಸಿಮೆಂಟು ಮಾತ್ರ ಸುಲಭವಾಗಿ ಸಿಗುತ್ತಿರಲಿಲ್ಲ. ಹತ್ತಿರದ ಭದ್ರಾವತಿಯಲ್ಲೇ ಅದು ತಯಾರಾಗುತ್ತಿದ್ದರೂ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದವು. ಆ ಹಿಡಿತ 1982ರಲ್ಲಿ ಭಾಗಶಃ ಸಡಿಲವಾಗಿ, 1989ರಲ್ಲಿ ಪೂರ್ತಿ ಹೋಯಿತು.

ಕಾರ್ಖಾನೆಯ ಬಿಡಿಭಾಗ ಈ ಸೀಮೆಗೆ ಹೊಸದೇನಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಹೆಂಚು ಒಂದೇ ಅಚ್ಚಿನದು. ಅದನ್ನು ಗಾಡಿಯಲ್ಲಿ ತರಬಹುದು, ಒಡೆದರೆ ಒಡೆದದ್ದನ್ನಷ್ಟೇ ಬದಲಿಸಬಹುದು. ಕಾಂಕ್ರೀಟಿನ ಬಿಡಿಭಾಗವನ್ನೂ ಇದೇ ಒರೆಗೆ ಹಚ್ಚಬೇಕು ಎಂಬುದು ನನ್ನ ವಾದ.

ಆ ಒರೆಗೆ ನಿಲ್ಲುವುದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಹಲಗೆ-ತೊಲೆ ಪದ್ಧತಿ. ಮೊದಲೇ ಎರಕ ಹೊಯ್ದ ತೊಲೆಗಳ ಮೇಲೆ 30 ಸೆಂ.ಮೀ. ಅಗಲದ, ಹೆಚ್ಚೆಂದರೆ ಒಂದೂವರೆ ಮೀಟರ್ ಉದ್ದದ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ, ಸಂದುಗಳಿಗೆ ಕಾಂಕ್ರೀಟ್ ತುಂಬಿ ಒಂದಾಗಿಸುತ್ತಾರೆ. ಹಲಗೆಯನ್ನು ಎತ್ತಲು ಇಬ್ಬರು ಸಾಕು, ಕ್ರೇನ್ ಬೇಡ, ಸೆಂಟ್ರಿಂಗ್ ಖರ್ಚೂ ಇಳಿಯುತ್ತದೆ. ಬರಪೀಡಿತ ಜಗಳೂರಿಗೆ ಇನ್ನೊಂದು ಲಾಭವಿದೆ. ಸ್ಥಳದಲ್ಲೇ ಮೋಲ್ಡ್ ಹಾಕಿದರೆ ಕ್ಯೂರಿಂಗಿಗೆಂದು ತಾರಸಿಯ ಮೇಲೆ ದಿನಗಟ್ಟಲೆ ನೀರು ಕಟ್ಟಬೇಕು, ಅದರಲ್ಲಿ ಬಹಳಷ್ಟು ಬಿಸಿಲಿನ ಪಾಲು. ಎರಕದ ಅಂಗಳದಲ್ಲಾದರೆ ಒಂದೇ ತೊಟ್ಟಿಯ ನೀರಿನಲ್ಲಿ ಸಾಲುಸಾಲು ಹಲಗೆಗಳು ಹದಗೊಳ್ಳುತ್ತವೆ.

ಚನ್ನಗಿರಿ, ಹೊನ್ನಾಳಿಗಳಲ್ಲಿ ತೊಡಕು ಇರುವುದು ನೆಲದಲ್ಲಿ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ಬಿಟ್ಟಾಗೊಮ್ಮೆ, ನಿಲ್ಲಿಸಿದಾಗೊಮ್ಮೆ ಈ ಏರಿಳಿತ ಮರುಕಳಿಸುತ್ತದೆ. ಗೋಡೆ ಅಲುಗಿದರೆ ಬಿಡಿಭಾಗಗಳ ಸೂರಿನಲ್ಲಿ ಮೊದಲು ಬಾಯಿಬಿಡುವುದು ಸಂದು. ಇದಕ್ಕೂ ರೂರ್ಕಿಯಲ್ಲೇ ಉತ್ತರವಿತ್ತು: ಬುಡದಲ್ಲಿ ಗಡ್ಡೆಯಂತೆ ಉಬ್ಬಿದ, ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ ಇಳಿಯುವ ಕಾಂಕ್ರೀಟ್ ಕಂಬಗಳು. ಹಸಿ-ಒಣಗಿನ ಏರುಪೇರು ಅಷ್ಟಾಗಿ ತಟ್ಟದ ಪದರದಲ್ಲಿ ಅವು ಕಚ್ಚಿ ನಿಲ್ಲುತ್ತವೆ. ಗಣಿಗಳಿಂದ ನೆಲ ಕುಸಿಯುತ್ತಿದ್ದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಬೇರೆ ದಾರಿ ಹಿಡಿಯಿತು. ಅಲ್ಲಿಂದ 1957ರಲ್ಲಿ ಹೊರಟ ಕ್ಲಾಸ್ಪ್ ಪದ್ಧತಿಯಲ್ಲಿ ಉಕ್ಕಿನ ಹಗುರ ಚೌಕಟ್ಟು ನೆಲದೊಡನೆ ತಾನೂ ಹೊಂದಿಕೊಳ್ಳುತ್ತಿತ್ತು. ದಾರಿ ಬೇರೆಯಾದರೂ ಎರಡೂ ಕಡೆ ಲೆಕ್ಕ ಶುರುವಾದದ್ದು ಮಣ್ಣಿನಿಂದ.

ಸೂರನ್ನು ಮರೆತರೆ ತೆರಬೇಕಾದ ಬೆಲೆಯನ್ನೂ ಇಂಗ್ಲೆಂಡೇ ತೋರಿಸಿದೆ. 1950ರ ದಶಕದಿಂದ ಬಳಸಿದ, ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಹಲಗೆಗಳು ದಶಕಗಳ ನಂತರ ದುರ್ಬಲವಾದವು. 2018ರಲ್ಲಿ ಕೆಂಟ್ ಪ್ರಾಂತದ ಶಾಲೆಯೊಂದರ ಚಾವಣಿ ವಾರಾಂತ್ಯದಲ್ಲಿ ಕುಸಿಯಿತು. ಮಕ್ಕಳು ಒಳಗಿರಲಿಲ್ಲ ಎಂಬುದೊಂದೇ ಸಮಾಧಾನ. 2023ರ ಆಗಸ್ಟ್ ಕೊನೆಯಲ್ಲಿ, ಶಾಲೆ ತೆರೆಯುವ ಹೊತ್ತಿಗೆ, ನೂರಕ್ಕೂ ಹೆಚ್ಚು ಶಾಲೆಗಳ ಕಟ್ಟಡಗಳನ್ನು ಮುಚ್ಚಿಸಬೇಕಾಯಿತು. ಒಳಗೆ ಸೇರಿದ ನೀರು, ತುಕ್ಕು ಹಿಡಿದ ಸರಳು, ಗೋಡೆಯ ಮೇಲೆ ಹಲಗೆಗೆ ಸಾಲದ ಆನಿಕೆ ಇವೇ ಅಲ್ಲಿನ ಮುಖ್ಯ ದೋಷಗಳು. ರೂರ್ಕಿಯ ಹಲಗೆ ಗಟ್ಟಿ ಕಾಂಕ್ರೀಟಿನದು, ಜಾತಿಯೇ ಬೇರೆ. ಆದರೆ ಆನಿಕೆ ಮತ್ತು ಸಂದಿನ ಪಾಠ ಅದಕ್ಕೂ ಅನ್ವಯಿಸುತ್ತದೆ.

ಆದ್ದರಿಂದ ಚನ್ನಗಿರಿ, ಹೊನ್ನಾಳಿ, ಜಗಳೂರು, ನ್ಯಾಮತಿ ಈ ನಾಲ್ಕೂ ತಾಲ್ಲೂಕಿಗೆ ಒಂದೇ ನಕ್ಷೆ ಕೂಡದು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯ ಮಲೆನಾಡಿನಂಚಿನ ಊರುಗಳಲ್ಲಿ ಕಾಂಕ್ರೀಟ್ ತೊಲೆಯ ಮೇಲೆ ಇಳಿಜಾರಾಗಿ ಹೆಂಚು ಹೊದಿಸುವುದೇ ಲೇಸು. ಜಗಳೂರಿಗೆ ಹಲಗೆ-ತೊಲೆ ಒಪ್ಪುತ್ತದೆ. ಎರೆಭೂಮಿಯಲ್ಲಿ ಗಡ್ಡೆಕಂಬದ ಖರ್ಚು ಅಂದಾಜುಪಟ್ಟಿಗೆ ಮೊದಲೇ ಸೇರಬೇಕು. ಎರಕದ ಅಂಗಳ ಕಡಿಮೆ ಖರ್ಚಿನ ಕಟ್ಟಡ ತಂತ್ರದ ನಿರ್ಮಿತಿ ಕೇಂದ್ರದಲ್ಲಿರಲಿ. ಸಂದು ಮತ್ತು ಆನಿಕೆಯ ಅಳತೆ ಬರೆದ ನಕ್ಷೆಯ ಒಂದು ಪ್ರತಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಕಡತದಲ್ಲಿರಲಿ. ಮುಂದೆ ಮಾಳಿಗೆ ಸೋರಿದಾಗ ರಿಪೇರಿಗೆ ಬರುವ ಎಂಜಿನಿಯರ್‌ಗೆ ಮೊದಲು ಬೇಕಾಗುವುದು ಅದೇ.