ಆಟ ಬೆರೆತ ಆನ್‌ಲೈನ್ ಬೋಧನೆ

ವಿಶ್ವವಿದ್ಯಾಲಯ ಮಟ್ಟದ ಆನ್‌ಲೈನ್ ಪಾಠಕ್ಕೆ ರಸಪ್ರಶ್ನೆ, ಒಗಟು, ಪಾತ್ರಾಭಿನಯ, ತಂಡಸ್ಪರ್ಧೆಗಳನ್ನು ಹೆಣೆದು, ಬರಿಯ ಕೇಳುಗನಾದ ವಿದ್ಯಾರ್ಥಿಯನ್ನು ಪಾಲುಗಾರನಾಗಿಸುವ ಬೋಧನಾಕ್ರಮ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಕಾಲೇಜುಗಳು ಮುಚ್ಚಿದಾಗ ಇದರ ಅಗತ್ಯ ಎದ್ದು ಕಂಡಿತು.

ಸಾಧನಗಳು: ನಾರ್ವೆಯ ಕಹೂಟ್ (2013) ರಸಪ್ರಶ್ನೆಯಲ್ಲಿ ವಿದ್ಯಾರ್ಥಿಗಳು ಮೊಬೈಲಿನಲ್ಲೇ ಉತ್ತರ ಒತ್ತುತ್ತಾರೆ, ಅಂಕಗಳು ಕೂಡಲೇ ಪರದೆಯ ಮೇಲೆ ಮೂಡುತ್ತವೆ. ಸುರತ್ಕಲ್ಲಿನ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯೂ ಪಾಲ್ಗೊಂಡಿರುವ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಪ್ರಯೋಗದ ಅಳತೆಗಳನ್ನು ವಿದ್ಯಾರ್ಥಿಗಳು ತಾವೇ ಬದಲಿಸಿ ಫಲಿತಾಂಶ ನೋಡಬಹುದು.

ಪಾಠದ ಮಾದರಿ: ಆಂಧ್ರಪ್ರದೇಶದ ಲೇಪಾಕ್ಷಿಯ ವೀರಭದ್ರ ದೇಗುಲ ಇತಿಹಾಸ ತರಗತಿಗೆ ಹೇಳಿಮಾಡಿಸಿದ ವಸ್ತು. ವಿಜಯನಗರದ ಅರಸ ಅಚ್ಯುತರಾಯನ (1529–1542) ಕಾಲದ ಅಲ್ಲಿನ ಕನ್ನಡ ಶಾಸನದ ಚಿತ್ರವನ್ನು ಹಂಚಿ, ತಂಡಕ್ಕೊಂದು ಸಾಲು ಓದಲು ಕೊಡಬಹುದು. ಚಾವಣಿಯ ವರ್ಣಚಿತ್ರದ ತುಣುಕು ತೋರಿಸಿ ಕಥೆ ಗುರುತಿಸಲು ಹೇಳಬಹುದು. ನೆಲಕ್ಕೆ ಪೂರ್ತಿ ತಾಗದ ಅಲ್ಲಿನ ಕಂಬದ ಬಗ್ಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ವಾದಕ್ಕಿಳಿಸಬಹುದು.

ಎಚ್ಚರಿಕೆ: ಆಟ ಪಾಠದ ಗುರಿಗೆ ಹೊಂದಬೇಕು. ನೆಟ್‌ವರ್ಕ್ ದುರ್ಬಲವಾದ ಊರುಗಳ ವಿದ್ಯಾರ್ಥಿಗಳು ಹಿಂದುಳಿಯದಂತೆ ವೇಗಕ್ಕೆ ಅಂಕ ಕೊಡದೆ, ವಾಟ್ಸ್‌ಆ್ಯಪ್‌ನಲ್ಲಿ ಬಿಡುವಾಗಿ ಉತ್ತರಿಸುವ ಒಗಟುಗಳನ್ನೂ ಇಡಬೇಕು. ಕೊನೆಗೆ ಐದು ನಿಮಿಷದ ಚರ್ಚೆ ಇದ್ದರೆ ಆಡಿದ್ದು ಅರಿವಾಗಿ ಉಳಿಯುತ್ತದೆ.