ರಾಯರ ಬಣ್ಣ ಎಲ್ಲಿ ಹೋಯ್ತು?

ಐವತ್ತು ರೂಪಾಯಿ ನೋಟು ಇದ್ದರೆ ತೆಗೆದು ಹಿಂಭಾಗ ನೋಡಿ. 2017ರಲ್ಲಿ ಬಂದ ಈ ನೀಲಿ ನೋಟಿನ ಮೇಲೆ ಹಂಪಿಯ ಕಲ್ಲಿನ ರಥ ಇದೆ. ನಾವೆಲ್ಲ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ ಅದೇ ರಥ, ಮೇಲೆ ಬೋಳು. ಈಗ 1856ರ ಒಂದು ಫೋಟೋ ಹುಡುಕಿ ನೋಡಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದದ್ದು. ಅದರಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ. ಆಮೇಲೆ ಆ ಶಿಖರ ಹೋಯಿತು. ಹೇಗಿತ್ತು ಅಂತ ಕಣ್ಣಾರೆ ನೋಡಬೇಕೆಂದರೆ ಇವತ್ತಿಗೂ ಇಂಥ ಹಳೇ ಫೋಟೋಗಳೇ ಗತಿ.

ಗ್ರೀನ್‌ಲಾ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್. ಫೋಟೋಗ್ರಫಿ ಅನ್ನುವುದು ಜಗತ್ತಿಗೆ ಗೊತ್ತಾಗಿ ಆಗಿನ್ನೂ 17 ವರ್ಷ. ಹಂಪಿಯ ಬಿಸಿಲಲ್ಲಿ ಅಷ್ಟು ದೊಡ್ಡ ಕ್ಯಾಮೆರಾ ಹೊತ್ತು ತಿರುಗಿದ ಮನುಷ್ಯ ಆತ. ಮುಖ್ಯ ವಿಷಯ ಏನಂದ್ರೆ, ಆ ನೆಗೆಟಿವ್‌ಗಳು ಉಳಿದವು. 1983ರಲ್ಲಿ ಜಾನ್ ಗೊಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಲ್ಲವೂ ಕಾಣುತ್ತದೆ.

ಈಗ ಸಿನಿಮಾಕ್ಕೆ ಬರೋಣ. ಗ್ರೀನ್‌ಲಾ ಬಂದು ಹೋದ 114 ವರ್ಷಕ್ಕೆ, 1970ರಲ್ಲಿ, ಬಿ.ಆರ್. ಪಂತುಲು ‘ಶ್ರೀ ಕೃಷ್ಣದೇವರಾಯ’ ತೆಗೆದರು. ರಾಯನಾಗಿ ರಾಜಕುಮಾರ್, ತಿಮ್ಮರಸು ಆಗಿ ಸ್ವತಃ ಪಂತುಲು. ಈಸ್ಟ್‌ಮನ್ ಕಲರ್. ಕನ್ನಡದಲ್ಲಿ ಪೂರ್ತಿ ಬಣ್ಣದ ಸಿನಿಮಾ ಶುರುವಾದದ್ದೇ 1964ರ ‘ಅಮರಶಿಲ್ಪಿ ಜಕಣಾಚಾರಿ’ಯಿಂದ. ಕಪ್ಪು-ಬಿಳುಪೇ ರೂಢಿಯಾಗಿದ್ದ ಆ ಕಾಲದಲ್ಲಿ ಒಂದು ಸಾಮ್ರಾಜ್ಯವನ್ನೇ ಬಣ್ಣದಲ್ಲಿ ತೋರಿಸುವುದು ದೊಡ್ಡ ಸಾಹಸ.

ಆ ಸಿನಿಮಾವನ್ನು ನಾನು ಇತ್ತೀಚೆಗೆ ಬೇರೆ ಬೇರೆ ಕಡೆ ನೋಡಿದೆ. ಒಂದು ಪ್ರತಿಯಲ್ಲಿ ಇಡೀ ಆಸ್ಥಾನ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಇನ್ನೊಂದರಲ್ಲಿ ಮುಖಗಳು ಮೇಣದ ಗೊಂಬೆಯ ಹಾಗೆ ನುಣ್ಣಗಿದ್ದವು, ಹೆಸರಿಗೆ ಮಾತ್ರ ‘ಎಚ್‌ಡಿ’. 1856ರ ಕಾಗದದ ನೆಗೆಟಿವ್‌ನಲ್ಲಿ ಇಟ್ಟಿಗೆ ಕಾಣುತ್ತದೆ. 1970ರ ಸಿನಿಮಾದ ಈ ಪ್ರತಿಗಳಲ್ಲಿ ರಾಜನ ಕಣ್ಣು ಕಾಣಲ್ಲ.

ನಮ್ಮ ಸೋದರಮಾವ ಈ ಸಿನಿಮಾ ನೋಡಲು ಕಂಪ್ಲಿ ಹತ್ತಿರದ ನಮ್ಮೂರಿಂದ ಹೊಸಪೇಟೆಗೆ ಹೋಗಿದ್ದವರು. ಅವರ ಕೈಗೆ ನನ್ನ ಫೋನ್ ಕೊಟ್ಟೆ. ಎರಡು ನಿಮಿಷ ನೋಡಿ ವಾಪಸ್ ಕೊಟ್ಟರು. “ಇದಲ್ಲಪಾ ನಾವು ನೋಡಿದ್ದು. ಅವಾಗ ಬಣ್ಣ ಕಣ್ಣಿಗೆ ಹೊಡೀತಿತ್ತು” ಅಂದ್ರು. ಪಕ್ಕದಲ್ಲಿದ್ದ ಅವರ ಮೊಮ್ಮಗ ನಕ್ಕ. “ತಾತ, ಹಳೇ ಸಿನಿಮಾ ಅಂದ್ರೆ ಹಿಂಗೇ ಇರ್ತಾವು” ಅಂದ. ಮಾವ ಸುಮ್ಮನಾದರು. ಈ ಲೇಖನ ಆ ಮೊಮ್ಮಗನಿಗೆ ಕೊಡಬೇಕಾದ ಉತ್ತರ. ಯಾಕಂದ್ರೆ ಮಾವ ಹೇಳಿದ್ದು ನಿಜ, ಹುಡುಗ ಹೇಳಿದ್ದು ತಪ್ಪು.

ಹಳೆಗನ್ನಡ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರು ಏನು ಮಾಡ್ತಾರೆ ಗೊತ್ತಲ್ಲ? ಕಂಪಿಲಿಯ ಕುಮಾರರಾಮನ ಕಥೆಯನ್ನೇ ತಗೊಳ್ಳಿ. ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದ. ಇಂಥ ಕಾವ್ಯ ನಮಗೆ ಬಂದದ್ದು ಓಲೆಗರಿಗಳ ನಕಲಿನ ನಕಲಿನಿಂದ. ಪ್ರತಿ ಲಿಪಿಕಾರನೂ ಎಲ್ಲೋ ಒಂದು ಅಕ್ಷರ ಬಿಡ್ತಾನೆ, ಎಲ್ಲೋ ಒಂದು ಪದ ತಿದ್ದುತ್ತಾನೆ. ಸಂಪಾದಕರು ಸಿಕ್ಕ ಪ್ರತಿಗಳನ್ನೆಲ್ಲ ಹರಡಿಕೊಂಡು, ಯಾವುದು ಮೂಲಕ್ಕೆ ಹತ್ತಿರ ಅಂತ ನೋಡ್ತಾರೆ. ತಪ್ಪು ಕಂಡರೆ ‘ಕವಿಗೆ ಬರೆಯೋಕೆ ಬರ್ತಿರಲಿಲ್ಲ’ ಅನ್ನಲ್ಲ, ‘ಪ್ರತಿ ಕೆಟ್ಟಿದೆ’ ಅಂತಾರೆ. ಸಿನಿಮಾಕ್ಕೂ ನಾವು ಇದೇ ನ್ಯಾಯ ಹಾಕಬೇಕು.

ಮೊದಲನೆಯದು ಬಣ್ಣ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದು ಬೆಳ್ಳಿಯ ಕಣಗಳಲ್ಲಿ. ಅದು ಗಟ್ಟಿ. ಈಸ್ಟ್‌ಮನ್ ಕಲರ್‌ನಲ್ಲಿ ಬೆಳ್ಳಿಯನ್ನು ತೊಳೆದು ತೆಗೆಯುತ್ತಾರೆ, ಉಳಿಯುವುದು ಮೂರು ಪದರ ಬಣ್ಣ: ಹಳದಿ, ಕೆನ್ನೀಲಿಗೆಂಪು, ನೀಲಿಹಸಿರು. ಆ ಕಾಲದ ಪ್ರಿಂಟ್‌ಗಳಲ್ಲಿ ನೀಲಿಹಸಿರು ಎಲ್ಲಕ್ಕಿಂತ ಬೇಗ ಮಾಸುತ್ತಿತ್ತು, ಡಬ್ಬಿಯೊಳಗೆ ಕತ್ತಲಲ್ಲಿ ಇಟ್ಟಿದ್ದರೂ ಸಹ. ಸೆಖೆ ಜಾಸ್ತಿಯಾದಷ್ಟೂ ಬೇಗ. ನೀಲಿಹಸಿರು ಹೋದರೆ ಉಳಿಯುವುದು ಕೆಂಪು. ಸಂಡೂರಿನ ಅದಿರು ಲಾರಿಗಳು ಓಡುವ ರಸ್ತೆ ಬದಿಯಲ್ಲಿ ಮರ, ಮನೆ, ಹಸು ಎಲ್ಲವೂ ಒಂದೇ ಕೆಂಪಾಗಿ ಕಾಣ್ತಾವಲ್ಲ, ಹಾಗೆ. ಕೆಂಪು ಧೂಳಿನ ಕೆಳಗೆ ಎಲೆ ಹಸಿರಾಗೇ ಇರುತ್ತದೆ, ಒಂದು ಮಳೆ ಬಂದರೆ ಗೊತ್ತಾಗುತ್ತದೆ. ಫಿಲ್ಮಿನಲ್ಲಿ ಹೋದ ಬಣ್ಣ ಮಾತ್ರ ಮಳೆಗೆ ವಾಪಸ್ ಬರಲ್ಲ. ಕಡಿಮೆ ಮಾಸುವ ಪ್ರಿಂಟ್ ಫಿಲ್ಮು ಕೊಡಾಕ್‌ನಿಂದ ಬಂದದ್ದು 1980ರ ದಶಕದ ಆರಂಭದಲ್ಲಿ. ನಮ್ಮ ರಾಯರಿಗೆ ಅಷ್ಟು ಹೊತ್ತಿಗೆ ತಡವಾಗಿತ್ತು.

ಎರಡನೆಯದು ನಕಲಿನ ನಕಲು. ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್‌ನಲ್ಲಿ ಇವತ್ತಿನ 4ಕೆ ತುಂಬುವಷ್ಟು ವಿವರ ಇರುತ್ತದೆ. ಅದರಿಂದ ಪ್ರಿಂಟ್. ಆ ಪ್ರಿಂಟ್ ಮೊದಲು ದೊಡ್ಡ ಊರಿನಲ್ಲಿ ಓಡಿ, ನಂತರ ಹೊಸಪೇಟೆಯಂಥ ಊರಿಗೆ, ಕೊನೆಗೆ ಹಳ್ಳಿ ಜಾತ್ರೆಯ ಟೆಂಟಿಗೆ ಬರುತ್ತಿತ್ತು. ಬರುವಷ್ಟರಲ್ಲಿ ಮೈತುಂಬ ಗೀರು, ತುಂಡಾದಲ್ಲೆಲ್ಲ ಅಂಟಿಸಿದ ತೇಪೆ. ಹೊಸ ಪ್ರಿಂಟ್ ನೋಡುವ ಭಾಗ್ಯ ನಿಮ್ಮ ಊರು ಯಾವುದು ಅನ್ನೋದರ ಮೇಲೆ ಇತ್ತು. ಆಮೇಲೆ ಟಿವಿ ಕಾಲ. ಉಳಿದಿದ್ದ ಯಾವುದೋ ಪ್ರಿಂಟನ್ನು ಟೇಪಿಗೆ ಹಾಕಿದರು. ಟೇಪಿನಿಂದ ವಿಸಿಡಿ. ನನ್ನ ವಯಸ್ಸಿನವರು ಊರಲ್ಲಿ ಹಳೇ ಸಿನಿಮಾ ನೋಡಿದ್ದು ಭಾನುವಾರದ ದೂರದರ್ಶನದಲ್ಲಿ, ಇಲ್ಲಾ ಲೋಕಲ್ ಕೇಬಲ್‌ನವರು ಹಾಕುತ್ತಿದ್ದ ವಿಸಿಡಿಯಲ್ಲಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನಮ್ಮ ಕಸುಬೇ ಅದಲ್ವಾ. ವಿಸಿಡಿಯ ಒಂದು ಚಿತ್ರದಲ್ಲಿ 352×288, ಅಂದ್ರೆ ಸುಮಾರು 1 ಲಕ್ಷ ಪಿಕ್ಸೆಲ್. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ. ಹಳೇ ಟೇಪಿನಿಂದ ಬಂದ ಒಂದು ಲಕ್ಷವನ್ನು 83 ಲಕ್ಷಕ್ಕೆ ಹಿಗ್ಗಿಸಿ ‘4ಕೆ ರೀಮಾಸ್ಟರ್ಡ್’ ಅಂತ ಹಣೆಪಟ್ಟಿ ಹಚ್ಚಿದರೆ, ಒಂದು ನಿಜವಾದ ಪಿಕ್ಸೆಲ್‌ಗೆ 80ಕ್ಕೂ ಹೆಚ್ಚು ಊಹೆಯ ಪಿಕ್ಸೆಲ್ ಸೇರಿದ ಹಾಗಾಯಿತು. ಮುಖ ಮೇಣದ ಹಾಗೆ ಆಗುವುದು ಈ ಊಹೆಯಿಂದಲೇ. ಹಂಡೆಯಲ್ಲಿ ಇಲ್ಲದ ನೀರು ಚೊಂಬಿಗೆ ಎಲ್ಲಿಂದ ಬರಬೇಕು? ಆ್ಯಪ್‌ಗಳಲ್ಲಿ ‘ಎಚ್‌ಡಿ’, ‘4ಕೆ’ ಅಂತ ಬರೆದಿರುವುದು ಚೊಂಬಿನ ಅಳತೆ. ಹಂಡೆಯಲ್ಲಿ ಎಷ್ಟಿತ್ತು ಅಂತ ಯಾರೂ ಬರೆಯಲ್ಲ. ಎರಡು ಸ್ಟ್ರೀಮಿಂಗ್ ಸೇವೆಗಳನ್ನು ಹೋಲಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ನೆಗೆಟಿವ್‌ನಿಂದ ಬಂತಾ, ಪ್ರಿಂಟ್‌ನಿಂದ ಬಂತಾ, ಟೇಪಿನಿಂದ ಬಂತಾ?

ಮೂರನೆಯದು ಕತ್ತರಿ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ಅದಕ್ಕೂ ಹಿಂದಿನ ಚಿತ್ರಗಳ ಚೌಕಟ್ಟು ಹಳೇ ಟಿವಿಯ ಹಾಗೆ, ಹೆಚ್ಚು ಕಡಿಮೆ ಚೌಕ. ಇವತ್ತಿನ ಅಗಲ ಟಿವಿಯಲ್ಲಿ ಹಾಕಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಬರಲೇಬೇಕು. ಆ ಪಟ್ಟಿ ನೋಡಿದರೆ ಜನಕ್ಕೆ ಏನೋ ಕಡಿಮೆ ಆಯ್ತು ಅನ್ನಿಸುತ್ತದೆ ಅಂತ ಕೆಲವರು ಮೇಲೆ ಕೆಳಗೆ ಕತ್ತರಿಸಿ ಪರದೆ ತುಂಬಿಸುತ್ತಾರೆ. 4:3 ಚಿತ್ರವನ್ನು 16:9ಕ್ಕೆ ಹೀಗೆ ಕತ್ತರಿಸಿದರೆ ಸರಿಯಾಗಿ ಕಾಲು ಭಾಗ ಹೋಗುತ್ತದೆ. ರಾಜನ ಸಿನಿಮಾದಲ್ಲಿ ಮೇಲಿನ ಭಾಗದಲ್ಲಿ ಇರುವುದೇ ಕಿರೀಟ! ಹಾಗಾಗಿ ಹಳೇ ಸಿನಿಮಾ ಹಾಕಿದಾಗ ಎರಡೂ ಬದಿಗೆ ಕಪ್ಪು ಪಟ್ಟಿ ಕಂಡರೆ ಖುಷಿಪಡಿ. ಅಷ್ಟರ ಮಟ್ಟಿಗೆ ಪ್ರಾಮಾಣಿಕ ಪ್ರತಿ ಅದು.

‘ಹಳೇ ಸಿನಿಮಾ ಅಂದ್ರೆ ಹಿಂಗೇ’ ಅನ್ನುವವರಿಗೆ ಎರಡು ಉದಾಹರಣೆ ಕೊಡ್ತೀನಿ. ಒಂದು, 1972ರ ‘ದಿ ಗಾಡ್‌ಫಾದರ್’. ಅದೂ ಈಸ್ಟ್‌ಮನ್ ಫಿಲ್ಮಿನಲ್ಲೇ ತೆಗೆದದ್ದು. ಅದರ ನೆಗೆಟಿವ್ ಕೂಡ ಬಳಸಿ ಬಳಸಿ ಹರಿದಿತ್ತು. ಆದರೆ ಮತ್ತೆ ಮತ್ತೆ ಕೂತು ರಿಪೇರಿ ಮಾಡಿದರು, 50 ವರ್ಷ ತುಂಬಿದ 2022ರಲ್ಲಿ ಹೊಸ 4ಕೆ ಪ್ರತಿ ತಂದರು. ಅದೇ 1972ರಲ್ಲಿ ನಮ್ಮಲ್ಲಿ ಬಂದದ್ದು ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’. ವಯಸ್ಸು ಒಂದೇ. ಆರೈಕೆ ಬೇರೆ.

ಇನ್ನೊಂದು ಉದಾಹರಣೆ ನಮ್ಮದೇ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, 1977ರದು. ಕಪ್ಪು-ಬಿಳುಪು, ಸಣ್ಣ ಬಜೆಟ್ಟು, ಸ್ವರ್ಣಕಮಲ ಗೆದ್ದ ಚಿತ್ರ. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆಯಲ್ಲಿ ಪುನರುಜ್ಜೀವನ ಮಾಡಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನ ಕಂಡಿತು. ಒಬ್ಬ ಚಕ್ರವರ್ತಿಯ ಅದ್ದೂರಿ ಬಣ್ಣದ ಚಿತ್ರಕ್ಕೆ ಸಿಗದ ಭಾಗ್ಯ ಮಲೆನಾಡಿನ ಒಂದು ವೇದಪಾಠಶಾಲೆಯ ಕಥೆಗೆ ಸಿಕ್ಕಿತು. ಕಾರಣ ಹುಡುಕಿದರೆ ಮೂಲ ಒಂದು ತಂಪು ಕೋಣೆಯಲ್ಲಿ ಇತ್ತು, ಮತ್ತೆ ಯಾರೋ ಅದನ್ನು ಕೇಳಿದರು. ಎರಡೇ.

‘ಹಾಗಾದ್ರೆ ಬಣ್ಣ ಹಾಕೋದು?’ ಅಂತ ನೀವು ಕೇಳಬಹುದು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ಹಾಕಿಸಿಕೊಂಡು ಮತ್ತೆ ಬಿಡುಗಡೆಯಾಯಿತು, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ. ಅದರಿಂದ ಹೊಸ ತಲೆಮಾರು ಥಿಯೇಟರಿಗೆ ಬಂತು, ಅದನ್ನು ಹೀಗಳೆಯಲ್ಲ. ಆದರೆ ಅದು ಪುನರುಜ್ಜೀವನ ಅಲ್ಲ, ಅಲಂಕಾರ. ಕಲ್ಲಿನ ರಥಕ್ಕೆ ನಮಗೆ ತೋಚಿದ ಹೊಸ ಶಿಖರ ಕಟ್ಟಿದ ಹಾಗೆ. ಪುನರುಜ್ಜೀವನ ಅಂದ್ರೆ ಗ್ರೀನ್‌ಲಾ ಫೋಟೋ ಎದುರಿಗೆ ಇಟ್ಟುಕೊಂಡು, ಇದ್ದದ್ದು ಏನು ಅಂತ ಕೇಳುವುದು.

ಈ ಪ್ರಶ್ನೆ ಬರೀ ಮನರಂಜನೆಯದಲ್ಲ ಅಂತ ನನಗೆ ಅನ್ನಿಸಿದ್ದು ಹಂಪಿಯಿಂದಲೇ. ವೀಕೆಂಡ್‌ಗೆ ಬರುವ ನಮ್ಮ ಬೆಂಗಳೂರಿನ ಗೆಳೆಯರು ವಿಜಯನಗರ ಅಂದ್ರೆ ಬೂದುಬಣ್ಣದ ಬರಿಗಲ್ಲಿನ ಊರು ಅಂದುಕೊಂಡೇ ವಾಪಸ್ ಹೋಗ್ತಾರೆ. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತೆತ್ತಿ ಚಾವಣಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ, ಇಲ್ಲಿ ಬಣ್ಣ ಇತ್ತು ಅಂತ. ಗಾರೆ ಉದುರಿತು, ಬಣ್ಣ ಹೋಯಿತು, ಉಳಿದ ಕಲ್ಲನ್ನೇ ನಾವು ಇತಿಹಾಸ ಅಂದುಕೊಂಡೆವು. ಸಿನಿಮಾದಲ್ಲೂ ಅದೇ ಆಗ್ತಿದೆ. ಮಾಸಿದ ಪ್ರತಿ ನೋಡಿ ನೋಡಿ, ನಮ್ಮ ಹಿಂದಿನವರು ಮಾಸಿದ್ದನ್ನೇ ಮೆಚ್ಚಿದ್ದರು ಅಂತ ಮಕ್ಕಳು ತಿಳಿಯುತ್ತಾರೆ. ಪಂತುಲು ಅವರ ಕ್ಯಾಮೆರಾ, ಬಣ್ಣಗಾರರ ಕೈಚಳಕ, ಮೂವತ್ತು ಕಿಲೋಮೀಟರ್ ಹೋಗಿ ಸಿನಿಮಾ ನೋಡಿದ ನಮ್ಮ ಮಾವನ ಕಣ್ಣು, ಎಲ್ಲವನ್ನೂ ಒಂದು ಕೆಟ್ಟ ವಿಡಿಯೋ ಫೈಲು ಸುಳ್ಳು ಮಾಡಿಬಿಡುತ್ತದೆ.

ಕಾಲ ಜಾಸ್ತಿ ಇಲ್ಲ. ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’, ಈಗ ಒಂದು ಪ್ರತಿಯೂ ಇಲ್ಲದೆ ಹೋಗಿದೆ. ಎರಡೂವರೆ ಗಂಟೆಯ ಒಂದು ಸಿನಿಮಾದಲ್ಲಿ 2,16,000 ಚಿತ್ರಗಳಿರುತ್ತವೆ. ಒಂದೊಂದನ್ನೂ ಸ್ಕ್ಯಾನ್ ಮಾಡಿ, ಗೀರು ತೆಗೆದು, ಬಣ್ಣ ಕೂರಿಸಬೇಕು. ಬಣ್ಣ ಕೂರಿಸುವಾಗ ಕಂಪ್ಯೂಟರ್ ಜೊತೆಗೆ ಮನುಷ್ಯರ ನೆನಪೂ ಬೇಕು: ಆ ಚಿತ್ರದ ಕ್ಯಾಮೆರಾಮನ್, ನಿರ್ದೇಶಕ ಬದುಕಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಾರೆ. 1970ರ ಸಿನಿಮಾಗಳ ಬಗ್ಗೆ ಹಾಗೆ ಕೇಳಲು ಇರುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಕೇಂದ್ರ ಸರ್ಕಾರ 2022ರಲ್ಲಿ ಸುಮಾರು 2,200 ಚಿತ್ರಗಳ ಪುನರುಜ್ಜೀವನಕ್ಕೆ 363 ಕೋಟಿ ರೂಪಾಯಿ ಘೋಷಿಸಿತು. ಆ ಸಾಲಿನಲ್ಲಿ ಕನ್ನಡದವು ಎಷ್ಟು ನಿಲ್ಲುತ್ತವೆ ಅನ್ನುವುದು ನಾವು ಎಷ್ಟು ಕೇಳ್ತೀವಿ ಅನ್ನೋದರ ಮೇಲೆ ಇದೆ.

ಹಾಗಾಗಿ ಎರಡು ಕೆಲಸ. ಸ್ಟ್ರೀಮಿಂಗ್‌ನಲ್ಲಿ ಕನ್ನಡದ ಹಳೇ ಚಿತ್ರದ ಕೆಟ್ಟ ಪ್ರತಿ ಕಂಡರೆ ಸುಮ್ಮನೆ ಮುಂದೆ ಹೋಗಬೇಡಿ. ‘ಚಿತ್ರ ಎಲ್ಲಿಂದ ತಂದಿರಿ’ ಅಂತ ಫೀಡ್‌ಬ್ಯಾಕ್ ಡಬ್ಬಿಯಲ್ಲಿ ಎರಡು ಸಾಲು ಬರೆಯಿರಿ, ತಿಂಗಳ ದುಡ್ಡು ಕೊಡುವವರು ನೀವೇ ತಾನೇ. ಇನ್ನೊಂದು, ನಿಮ್ಮ ನೆಂಟರಲ್ಲಿ ಯಾರಾದರೂ ಹಳೇ ಹಂಚಿಕೆದಾರರು, ಟಾಕೀಸ್ ಮಾಲೀಕರು, ಪ್ರೊಜೆಕ್ಟರ್ ಓಡಿಸಿದವರು ಇದ್ದರೆ ಅಟ್ಟದ ಮೇಲೆ ತಗಡಿನ ಡಬ್ಬಿ ಇದೆಯಾ ಕೇಳಿ. ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಹೊಡೆದರೆ ಫಿಲ್ಮು ಕೊಳೆಯಲು ಶುರುವಾಗಿದೆ ಅಂತ ಅರ್ಥ. ಬಿಚ್ಚಿ ಓಡಿಸಲು ಹೋಗಬೇಡಿ, ಗುಜರಿಗೆ ಹಾಕಬೇಡಿ. ತಂಪಾದ, ಒಣ ಜಾಗದಲ್ಲಿಟ್ಟು ಪುಣೆಯ ಸಂಗ್ರಹಾಗಾರಕ್ಕೆ ಒಂದು ಪತ್ರ ಬರೆಯಿರಿ.